ಹಳೆ ನಗೆನಾಟಕಕ್ಕೆ ಹೊಸ ಹಾಡು ಕೂರಿಸುವ ಡಾರ್ಕಸ್

ಲಂಡನ್ನಿನ ಸಂತೆಗೆ ತರಕಾರಿ ಗಾಡಿಗಳು ಬರುವ ಮೊದಲೇ ಡಾರ್ಕಸ್ ಟಿಲ್ನಿ ಮೇಜನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡಿದ್ದಾರೆ. ಒಂದು ಕೈಯಲ್ಲಿ ಬ್ರೆಡ್ಡಿನ ತುಂಡು, ಇನ್ನೊಂದರಲ್ಲಿ ಗರಿಯ ಲೇಖನಿ. ಬೀದಿಯಲ್ಲಿ ಹಾಲಿನವಳು ಹಳೆಯ ಧಾಟಿಯೊಂದನ್ನು ಗುನುಗುತ್ತ ಹೋಗುತ್ತಾಳೆ. ಡಾರ್ಕಸ್ ಅದಕ್ಕೆ ಬೆರಳಲ್ಲಿ ತಾಳ ಹಾಕುತ್ತ ಹೊಸ ಮಾತು ಕೂರಿಸುತ್ತಾರೆ. ಕೂರದಿದ್ದರೆ ಹೊಡೆದುಹಾಕಿ ಇನ್ನೊಂದು.

ನೂರು ವರ್ಷದ ಹಿಂದಿನ ನಗೆನಾಟಕಗಳನ್ನು ಜಾರ್ಜ್ ದೊರೆಯ ಕಾಲದ ರಂಗಕ್ಕೆ ಒಗ್ಗಿಸುವುದು ಐವತ್ತೆರಡರ ಡಾರ್ಕಸ್ ಅವರ ಕಸುಬು. ಐದು ಅಂಕ ಮೂರಾಗಬೇಕು. ಪೋಲಿ ಮಾತು ಹೋಗಬೇಕು, ಹೋದ ಜಾಗಕ್ಕೆ ಹಾಡು ಬರಬೇಕು. “ಅಜ್ಜಂದಿರು ನಕ್ಕ ಮಾತಿಗೆ ಮೊಮ್ಮಕ್ಕಳು ಕಿವಿ ಮುಚ್ಕೋತಾರೆ. ಬೆರಳ ಸಂದಿ ಮಾತ್ರ ಬಿಟ್ಟಿರ್ತಾರೆ,” ಎಂದು ನಗುತ್ತಾರೆ.

ಗಂಡ ಇವರು ಈಗ ಬರೆದುಕೊಡುವ ನಾಟಕಶಾಲೆಯಲ್ಲೇ ಪರದೆಯ ಪಕ್ಕ ನಿಂತು ಮರೆತ ಮಾತು ಎತ್ತಿಕೊಡುತ್ತಿದ್ದವರು. ಅವರ ಕಣ್ಣು ಮಂಜಾದಾಗ ಹಸ್ತಪ್ರತಿ ಓದಿ ಹೇಳುತ್ತ ಹೇಳುತ್ತಲೇ ಡಾರ್ಕಸ್ ನಾಟಕ ಕಲಿತರು. ಗಂಡ ತೀರಿಕೊಂಡ ಮೇಲಿನ ಹದಿನಾಲ್ಕು ವರ್ಷದಲ್ಲಿ ಮೂವತ್ತೊಂದು ನಾಟಕ, ನೂರಹನ್ನೆರಡು ಹಾಡು. ಭಿತ್ತಿಪತ್ರದಲ್ಲಿ ಹಳೆಯ ಕವಿಯ ಹೆಸರಿರುತ್ತದೆ, ಸಂಗೀತಗಾರನದೂ ಇರುತ್ತದೆ. ಇವರ ಪಾಲಿಗೆ ‘ಹೊಸ ಹಾಡುಗಳೊಂದಿಗೆ’ ಎಂಬ ಒಂದು ಸಾಲು.

ಇವತ್ತು ಸಂಜೆ ‘ಮೂರು ಬೀಗದ ಮನೆ’ಯ ಹೊಸ ರೂಪದ ಮೊದಲ ಪ್ರದರ್ಶನ. ಇವರು ಒಗ್ಗಿಸಿದ ಹಿಂದಿನ ಎರಡು ನಾಟಕಗಳಿಗೆ ಜನ ಕೂಗೆಬ್ಬಿಸಿ ಕಿತ್ತಳೆ ಸಿಪ್ಪೆ ಎಸೆದಿದ್ದಾರೆ. ಇದೂ ಬಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಮ್ಯಾನೇಜರು ಹೇಳಿಯಾಗಿದೆ.

ಹತ್ತು ಗಂಟೆಗೆ ಕೊನೆಯ ತಾಲೀಮು. ಕೆಲಸದವಳ ಪಾತ್ರದ ಲೆಟಿಷಿಯಾ ಹಾಡು ಮುಗಿಸುತ್ತಾಳೆ. ಮನೆಯ ಮುದುಕ ಒಳಗೆ ಬರಬೇಕು. ಬರುವುದಿಲ್ಲ. ಆ ಪಾತ್ರದ ಹಿರಿಯ ನಟ ಬಾರ್ನಬಿ ಕ್ರಾಫ್ಟ್ ಪಕ್ಕದ ಪರದೆಯ ಹಿಂದೆ ಕೈಕಟ್ಟಿ ನಿಂತಿದ್ದಾರೆ.

“ಬನ್ನಿ ಯಜಮಾನ್ರೇ!” ಎಂದು ಡಾರ್ಕಸ್ ಕರೆಯುತ್ತಾರೆ.

“ನನ್ನನ್ನ ಕರೆಯೋ ಮಾತು ಇನ್ನೂ ಬಂದಿಲ್ಲ.”

ಇಲ್ಲಿ ಯಾವ ನಟನ ಕೈಗೂ ಇಡೀ ನಾಟಕ ಸಿಗುವುದಿಲ್ಲ. ತನ್ನ ಮಾತು, ಅದಕ್ಕೆ ಮುಂಚಿನ ಮೂರ್ನಾಲ್ಕು ಪದ, ಅಷ್ಟೇ. ಆ ಪದ ಕಿವಿಗೆ ಬಿದ್ದರೆ ಕಾಲು ಏಳುತ್ತದೆ. ಇಪ್ಪತ್ತೇಳು ವರ್ಷದಿಂದ ಈ ಪಾತ್ರದಲ್ಲಿ ಕ್ರಾಫ್ಟ್ ಒಳಬರುವುದು ‘ಕೀಲಿ ಮುದುಕನ ಸೊಂಟದಲ್ಲಿದೆ’ ಎಂದು ಕೆಲಸದವಳು ಅಂದಾಗ. ಹಾಡಿಗೆ ಜಾಗ ಮಾಡುವಾಗ ಡಾರ್ಕಸ್ ಕತ್ತರಿಸಿದ್ದು ಆ ಮಾತನ್ನೇ. ಹೊಸ ಹಾಳೆ ಕಳಿಸಿದ್ದರು. ಕ್ರಾಫ್ಟ್ ಬಿಚ್ಚಿಯೇ ನೋಡಿಲ್ಲ.

“ಹಾಡಿನ ಕೊನೇಲಿ ಸೊಂಟ ಸೇರಿಸಮ್ಮ, ಮುಗೀತಲ್ಲ,” ಎನ್ನುತ್ತಾರೆ ಕ್ರಾಫ್ಟ್.

ಸೇರಿಸುವಂತಿಲ್ಲ. ಹೊಸದಾಗಿ ಬರೆದದ್ದೆಲ್ಲ ಎರಡು ವಾರ ಮೊದಲೇ ಅರಮನೆಯ ಪರಿಶೀಲಕರಿಗೆ ಹೋಗಿ ಒಪ್ಪಿಗೆಯಾಗಿ ಬಂದಿದೆ. ಇನ್ನು ಒಂದಕ್ಷರ ಬದಲಿಸಿದರೂ ತಪ್ಪು. ಆದರೆ ಹಳೆಯ ನಾಟಕದ ಮಾತಿಗೆ ಯಾರ ಒಪ್ಪಿಗೆಯೂ ಬೇಡ. ಡಾರ್ಕಸ್ ಕತ್ತರಿಸಿದ ಸಾಲನ್ನು ಹಾಡಿನ ಬೆನ್ನಿಗೇ ಮರಳಿ ಬರೆಯುತ್ತಾರೆ.

ಲೆಟಿಷಿಯಾ ಸಿಡುಕುತ್ತಾಳೆ. “ಹಾಡು ಮುಗಿದ್ಮೇಲಿನ ಚಪ್ಪಾಳೆ ನಂದು. ಅದರ ಮಧ್ಯೆ ಈ ಮುದುಕಪ್ಪನ ಸೊಂಟದ ವಿಚಾರ ಮಾತಾಡ್ಲಾ?”

“ಬೇಡ ಮಗಳೇ, ನೀನು ಹಾಡ್ತಾನೇ ಇರು. ನಾನು ಮನೆಗೆ ಹೋಗಿ ಮಲಗ್ತೀನಿ,” ಎನ್ನುತ್ತಾರೆ ಕ್ರಾಫ್ಟ್.

“ಚಪ್ಪಾಳೆ ಪೂರ್ತಿ ಇಳೀಲಿ ತಾಯಿ, ಆಮೇಲೆ ಹೇಳು,” ಎಂದು ಡಾರ್ಕಸ್ ಮಾತು ಮುಗಿಸುತ್ತಾರೆ.

ಸಂಜೆ ಆರಕ್ಕೆ ಅವರು ಮೇಲಿನ ಅಟ್ಟಣೆಯಲ್ಲಿ, ದರ್ಜಿಗಳ, ಮನೆಗೆಲಸದವರ ನಡುವೆ ಕೂರುತ್ತಾರೆ. ಹಾಡಿಗೆ ಜನ ನೆಲ ಒದ್ದು ‘ಇನ್ನೊಮ್ಮೆ’ ಎನ್ನುತ್ತಾರೆ. ಲೆಟಿಷಿಯಾ ಮತ್ತೆ ಹಾಡಿ, ಚಪ್ಪಾಳೆ ಇಳಿದ ಮೇಲೆ ಸೊಂಟದ ಮಾತು ಹೇಳುತ್ತಾಳೆ. ಕ್ರಾಫ್ಟ್ ಸೊಂಟ ತಡವಿಕೊಳ್ಳುತ್ತ ನುಗ್ಗುತ್ತಾರೆ. ಅಟ್ಟಣೆ ನಗೆಯಲ್ಲಿ ಅಲುಗುತ್ತದೆ. ಸಿಪ್ಪೆ ಒಂದೂ ಬೀಳುವುದಿಲ್ಲ.

ಪಕ್ಕದಲ್ಲಿ ಕೂತ ಮುದಿ ದರ್ಜಿ ಕಣ್ಣೊರೆಸಿಕೊಂಡು ಡಾರ್ಕಸ್ ಕಡೆ ಬಾಗುತ್ತಾನೆ.

“ಕೇಳಿದ್ರಾ ಅಮ್ಮ? ಹಾಡು ಅಂದ್ರೆ ಅದು! ಹಳಬರ ಕೈಯೇ ಕೈ. ಆ ಸೊಂಟದ ಮಾತು ಮಾತ್ರ ಈಗಿನವರು ಯಾರೋ ತುರುಕಿದ್ದು. ನಂಗೆ ಗೊತ್ತಾಗುತ್ತೆ.”

“ಹೌದು, ಸ್ವಲ್ಪ ಒರಟಾಯ್ತು,” ಎಂದು ಡಾರ್ಕಸ್ ಗಂಭೀರವಾಗಿ ಒಪ್ಪುತ್ತಾರೆ. “ಬರೆದವರು ಸಿಕ್ಕಿದ್ರೆ ಹೇಳ್ತೀನಿ.”