ಇಂಗು ಹಾಕದ ತಕ್ಕಾಳಿ ನೀರು

ಈಚೆಗೆ ಯಾವುದೋ ಪತ್ರಿಕೆಯಲ್ಲಿ ಓದಿದೆ. ದೂರದ ಒಂದು ದೇಶದವರು ಟೊಮೇಟೊ ರಸಕ್ಕೆ ಉಪ್ಪು, ಹುಳಿ, ಖಾರ ಹಾಕಿ, ಮೇಲೆ ಮದ್ಯ ಸುರಿದು, ಅದನ್ನು ತಮ್ಮ ದೇಶದ ಪಾನೀಯ ಎಂದು ಮೆರೆಸುತ್ತಾರಂತೆ. ಓದಿ ಮೊದಲು ನಗು ಬಂತು, ಆಮೇಲೆ ಪತ್ರಿಕೆ ಮಡಚಿಟ್ಟೆ. ಅಂಥದ್ದೇ ಒಂದು ಕುಡಿಯುವ ಪದಾರ್ಥ ಅರವತ್ತರ ದಶಕದಲ್ಲಿ ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಮನೆಯ ಅಡಿಗೆಕೋಣೆಯಲ್ಲಿ ಹುಟ್ಟಿತ್ತು. ಅಲ್ಲಿ ಬಹಳ ಹಿಂದೆ ಬಂದು ನೆಲೆಸಿದ ಕನ್ನಡದ ನಮ್ಮ ಜನ ಮೊದಲು ಅದು ನಮ್ಮದು ಎಂದು ಎದೆ ತಟ್ಟಿಕೊಂಡರು, ಆಮೇಲೆ ನಮ್ಮದಲ್ಲವೇ ಅಲ್ಲ ಎಂದು ಆಣೆ ಹಾಕಿದರು. ಮಾಡಿದವರು ನನ್ನ ಅತ್ತೆ, ಗಂಡನ ತಾಯಿ. ಅವರು ನಮ್ಮದು ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ.

ನಾನು ದಿಂಡಿಗಲ್ ಕಡೆಯ ಹಳ್ಳಿಯಿಂದ ಆ ಮನೆಗೆ ಸೊಸೆಯಾಗಿ ಬಂದಾಗ ಮಾವ ಇರಲಿಲ್ಲ. ಸಾರಾಯಿ ಕುಡಿದು ಕುಡಿದು ಹೊಟ್ಟೆ ಊದಿ ಸತ್ತಿದ್ದರು. ಬೆಳಗ್ಗೆ ಏಳುವಾಗ ಅವರಿಗೆ ಅನ್ನದ ವಾಸನೆಯೂ ಆಗುತ್ತಿರಲಿಲ್ಲವಂತೆ. ಅತ್ತೆ ಹಣ್ಣಾದ ತಕ್ಕಾಳಿ, ಅಂದರೆ ಟೊಮೇಟೊ, ಕೈಯಲ್ಲೇ ಹಿಂಡಿ, ಬಟ್ಟೆಯಲ್ಲಿ ಸೋಸಿ, ಉಪ್ಪು, ಕುಟ್ಟಿದ ಮೆಣಸು, ಜೀರಿಗೆ, ಬೆಳ್ಳುಳ್ಳಿ ಸೇರಿಸಿ, ಕೊನೆಗೆ ಬಿಸಿನೀರಲ್ಲಿ ಕದಡಿದ ಇಂಗು ಹಾಕಿ ಮಣ್ಣಿನ ಮಡಕೆಯಲ್ಲಿ ತಣ್ಣಗೆ ಮಾಡಿ ಕುಡಿಸುತ್ತಿದ್ದರು. ಅದೊಂದೇ ಅವರ ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು. ತಕ್ಕಾಳಿ ನೀರಿನ ಮೂಲ ಇಷ್ಟೇ. ಇದರಲ್ಲಿ ಹೆಮ್ಮೆಪಡುವಂಥದ್ದು ಏನಿತ್ತೋ ನನಗೆ ಗೊತ್ತಿಲ್ಲ.

ಮಾವ ಹೋದ ಮೇಲೂ ಅತ್ತೆ ಮಡಕೆ ಬಿಡಲಿಲ್ಲ. ನನ್ನ ಗಂಡ ಲಾರಿ ಓಡಿಸುತ್ತಿದ್ದ. ಗಂಡನನ್ನು ಬಹುವಚನದಲ್ಲಿ ಹೇಳಬೇಕು ಎಂದು ನನಗೂ ಕಲಿಸಿದ್ದಾರೆ, ಎದುರಿಗೆ ಹಾಗೆಯೇ ಮಾತಾಡಿದ್ದೇನೆ. ಈ ಕತೆಯಲ್ಲಿ ಮಾತ್ರ ನಾಲಗೆ ಹೊರಳುವುದಿಲ್ಲ. ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ತರಕಾರಿ ತುಂಬಿಕೊಂಡು, ತೇನಿ ದಾಟಿ, ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಹಾದು, ಘಟ್ಟ ಹತ್ತಿ ಕೇರಳಕ್ಕೆ ಹೋಗುವುದು ಅವನ ಕೆಲಸ. ಹೋಗುವಾಗ ಮನೆ ಮುಂದೆ ಲಾರಿ ನಿಲ್ಲಿಸುತ್ತಿದ್ದ. ಅತ್ತೆ ಕೂಜದ ತುಂಬ ತಕ್ಕಾಳಿ ನೀರು ಹೊಯ್ದು ಕೊಡುತ್ತಿದ್ದರು.

"ಬಾಯಿ ಚಪಲ ಆದ್ರೆ ಇದ ಕುಡಿ ಸಾಮಿ. ಆ ಹಾಳು ಚಾರಾಯದ ತಂಟೆ ಬ್ಯಾಡ. ನಿಮ್ಮಪ್ಪ ಹೋದ ದಾರಿ ಸಾಕು."

"ಆಯ್ತವ್ವ, ಇದ ಬಿಟ್ರೆ ಬೇರೆ ಮುಟ್ಟಕಿಲ್ಲ" ಅನ್ನುತ್ತಿದ್ದ ಮಗ.

ಅತ್ತೆಗೆ ಇದ್ದ ಆಸೆ ಅದೊಂದೇ. ಒಡವೆ ಬೇಡ, ಹೊಸ ಮನೆ ಬೇಡ, ಮಗ ಅಪ್ಪನ ಹಾಗೆ ಆಗಬಾರದು. ಆ ಕೂಜವನ್ನು ಅವರು ಕೈಗಿಡುವಾಗ ದೇವರ ತೀರ್ಥ ಕೊಟ್ಟ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು.

ಮಗನ ಹಿಂದೆ ಬೇರೆ ಡ್ರೈವರುಗಳೂ ಬಂದರು. ಮಾರ್ಕೆಟ್ಟಿನಲ್ಲಿ ಒಡೆದ ತಕ್ಕಾಳಿ ಬುಟ್ಟಿಗಟ್ಟಲೆ ತಂದು ಜಗಲಿಯ ಮೇಲೆ ಇಳಿಸುವುದು, ಹಿಂದಿನ ದಿನದ ಹಣ್ಣಿನ ನೀರನ್ನು ಕ್ಯಾನಿನಲ್ಲಿ ತುಂಬಿಸಿಕೊಂಡು ಹೋಗುವುದು. ಹಿಂಡಿ ಹಿಂಡಿ ನನ್ನ ಉಗುರ ಸಂದು ಉರಿಯುತ್ತಿತ್ತು. ಬರುಬರುತ್ತಾ ಬತ್ತಲಗುಂಡಿನ ಚಹಾ ಅಂಗಡಿಯಲ್ಲಿ, ತೇನಿಯ ಬಸ್‌ಸ್ಟ್ಯಾಂಡಿನಲ್ಲಿ, ಬೋಡಿನಾಯಕನೂರಿನ ಏಲಕ್ಕಿ ಮಂಡಿಗಳ ಬಾಗಿಲಲ್ಲಿ ಎಲ್ಲೆಲ್ಲೂ ತಕ್ಕಾಳಿ ನೀರಿನ ಮಡಕೆ ಕೂತವು. ನಮ್ಮ ಬಳಗದ ಒಂದು ಮದುವೆಯಲ್ಲಿ ಬೀಗರಿಗೆ ಪಾನಕದ ಬದಲು ಅದನ್ನೇ ಕೊಟ್ಟರು. ಹಿರಿಯರೊಬ್ಬರು ಮೀಸೆ ತೀಡುತ್ತಾ, "ಇದು ನಮ್ಮ ಕನ್ನಡದವರ ಮನೆ ಸರಕು, ಬೇರೆಯವರ ಕೈಗೆ ಈ ರುಚಿ ಹತ್ತಕಿಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅತ್ತೆ ಅಡಿಗೆಮನೆ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಕೂಜ ತೊಳೆಯುವುದು ನನ್ನ ಪಾಲಿನ ಕೆಲಸ. ಗಂಡ ಘಟ್ಟ ಇಳಿದು ಬಂದ ಒಂದು ಮಧ್ಯಾಹ್ನ ಬಾವಿಯ ಹತ್ತಿರ ಕೂತು ಕೂಜ ಬಗ್ಗಿಸಿದರೆ ತಳದಲ್ಲಿ ಒಂದಿಷ್ಟು ಉಳಿದಿತ್ತು. ಬಿಸಿಲಿತ್ತು, ಬಾಯಿ ಒಣಗಿತ್ತು, ಕುಡಿದುಬಿಟ್ಟೆ. ಗಂಟಲಿಂದ ಹೊಟ್ಟೆಯವರೆಗೆ ಬೆಂಕಿ ಇಳಿಯಿತು. ಅದು ಮೆಣಸಿನ ಖಾರವಲ್ಲ ಎಂದು ತಿಳಿಯಲು ನಾನೇನು ಕುಡುಕಿಯಾಗಬೇಕಿರಲಿಲ್ಲ.

ಆಗ ಎಲ್ಲ ಅರ್ಥವಾಯಿತು. ನಮ್ಮ ಕಡೆ ಸರಕಾರ ಕುಡಿತ ನಿಲ್ಲಿಸಿತ್ತು. ಘಟ್ಟದ ಮೇಲೆ, ಕೇರಳದ ಎಲ್ಲೆಯೊಳಗೆ, ಧಾರಾಳವಾಗಿ ಸಿಗುತ್ತಿತ್ತು. ಇಳಿದು ಬರುವ ಡ್ರೈವರುಗಳಿಗೆ ಘಟ್ಟದ ಬುಡದ ಚೆಕ್‌ಪೋಸ್ಟಿನಲ್ಲಿ ಪೊಲೀಸರು "ಊದು" ಅನ್ನುತ್ತಿದ್ದರು. ಬಾಯಲ್ಲಿ ಸಾರಾಯಿ ವಾಸನೆ ಬಂದರೆ ಸೆರೆಮನೆ. ಆದರೆ ತಕ್ಕಾಳಿ ನೀರಲ್ಲಿ ಬೆರೆಸಿ ಕುಡಿದವನು ಊದಿದರೆ ಬೆಳ್ಳುಳ್ಳಿ, ಮೆಣಸು, ಎಲ್ಲಕ್ಕಿಂತ ಮೇಲೆ ಇಂಗು ಬಂದು ಮೂಗಿಗೆ ಹೊಡೆಯುತ್ತದೆ. ಪೊಲೀಸರೇ ಮುಖ ತಿರುಗಿಸಿ ಹೋಗು ಹೋಗು ಅನ್ನುತ್ತಿದ್ದರಂತೆ. ನನ್ನ ಗಂಡ ಮನೆಗೆ ಬಂದಾಗ ನಾನೂ ಹಾಗೆಯೇ ಮುಖ ತಿರುಗಿಸಿದ್ದೆ. ಅತ್ತೆಯ ಕೈರುಚಿಗೆ ಇಷ್ಟೊಂದು ಲಾರಿಗಳು ನಿಲ್ಲುತ್ತವೆ ಎಂದು ನಾವಿಬ್ಬರೂ ಮೂರ್ಖರ ಹಾಗೆ ನಂಬಿದ್ದೆವು.

ಕೂಜ ತಂದು ಅವರ ಮುಂದೆ ಇಟ್ಟೆ. "ಅತ್ತೆ, ಒಂದು ತೊಟ್ಟು ನಾಲಗೆಗೆ ಹಚ್ಚಿ ನೋಡ್ರಿ."

ಅವರು ಹಚ್ಚಿ ನೋಡಿದರು. ಎದ್ದು ಬಾಯಿ ಮುಕ್ಕಳಿಸಿ ಬಂದು ಮತ್ತೆ ಕೂತರು. ನಾನು ಅಳುತ್ತಿದ್ದೆ, ಅವರು ಅಳಲಿಲ್ಲ. ಕೂಜವನ್ನು ಬೋರಲು ಹಾಕಿ, "ಅವನಿಗೇನೂ ಕೇಳಬ್ಯಾಡ ತಾಯಿ" ಅಂದರು.

ಅವನು ಮತ್ತೆ ಲೋಡು ತಂದ ದಿನ ಅತ್ತೆ ಎಂದಿನಂತೆ ತಕ್ಕಾಳಿ ಹಿಂಡಿದರು. ಉಪ್ಪು ಹಾಕಿದರು, ಜೀರಿಗೆ ಹಾಕಿದರು. ಬೆಳ್ಳುಳ್ಳಿಗೆ ಕೈ ಹಾಕಲಿಲ್ಲ. ಮೆಣಸು ಕುಟ್ಟಲಿಲ್ಲ. ಇಂಗಿನ ಡಬ್ಬಿ ಗೂಡಿನಲ್ಲೇ ಉಳಿಯಿತು. ಮರೆತಿದ್ದಾರೇನೋ ಎಂದು ನಾನು ಡಬ್ಬಿ ತಂದುಕೊಟ್ಟೆ. ಅವರು ಅದನ್ನು ತೆಗೆದುಕೊಂಡು ಹೋಗಿ ಹಿತ್ತಲ ಗೊಬ್ಬರದ ಗುಂಡಿಗೆ ಎಸೆದು ಬಂದರು. ಗಂಡ ಬಂದ, ಎರಡೂ ಕೈಯಲ್ಲಿ ಕೂಜ ಕೊಟ್ಟರು, ಅವನು ಆತುರದಲ್ಲಿದ್ದ, ಮೂಸಿಯೂ ನೋಡದೆ ಹೋದ.

ಮರುದಿನ ಬೇರೆ ಲಾರಿಯ ಕ್ಲೀನರ್ ಸುದ್ದಿ ತಂದ. "ಅಕ್ಕಾ, ಅಣ್ಣನ್ನ ಚೆಕ್‌ಪೋಸ್ಟಲ್ಲಿ ಹಿಡ್ಕಂಡವ್ರೆ. ಊದು ಅಂದ್ರು, ದಿನಾ ಊದಂಗೆ ಊದಿದ. ಚಾರಾಯ ಗಮ್ ಅಂತು. ನಿಮ್ಮನೆ ನೀರು ತುಂಬಿಸ್ಕಂಡಿದ್ದ ಇನ್ನೂ ಇಬ್ಬರ್ನ ಹಿಡಿದ್ರು."

ನನ್ನ ಪಿತ್ತ ನೆತ್ತಿಗೇರಿತು. ಆ ತನಕ ಅತ್ತೆಗೆ ಎದುರಾಡಿದವಳಲ್ಲ. ಅವತ್ತು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. "ನಿಮ್ಮ ಗಂಡನ್ನ ಉಳಿಸ್ಕಳಾಕೆ ಆಗಲಿಲ್ಲ, ಈಗ ನನ್ನ ಗಂಡನ್ನ ಹಿಡ್ಕೊಟ್ರಲ್ಲ! ಹೆತ್ತವಳು ಮಾಡೋ ಕೆಲ್ಸಾನಾ ಇದು?"

ಅವರು ಅಕ್ಕಿ ಆರಿಸುತ್ತಿದ್ದರು. ಮೊರದಿಂದ ಕಣ್ಣೆತ್ತದೆ ಹೇಳಿದರು: "ಜೈಲಿಗೆ ಹೋದೋನು ತಿರುಗಿ ಬತ್ತಾನೆ ತಾಯಿ. ಅವನಪ್ಪ ಬಂದನಾ?"

ನನ್ನ ಕೋಪ ಮಾತ್ರ ಹಾಗೆಯೇ ಇತ್ತು.

ಆಮೇಲೆ ನಮ್ಮ ಬಳಗದ ಬಣ್ಣ ನೋಡಬೇಕಿತ್ತು. ಮದುವೆಯಲ್ಲಿ ಮೀಸೆ ತೀಡಿದ ಅದೇ ಹಿರಿಯರು, ತಕ್ಕಾಳಿ ನೀರು ಎಸ್ಟೇಟಿನ ದೊರೆಗಳ ಕಾಲದ್ದು, ಘಟ್ಟದ ಮೇಲಿಂದ ಇಳಿದು ಬಂದ ಪೀಡೆ, ನಮ್ಮ ಹೆಂಗಸರಿಗೆ ಅದರ ಗಂಧವೇ ಇಲ್ಲ ಎಂದು ಹೇಳಿಕೊಂಡು ತಿರುಗಿದರು. ಲಾರಿಗಳು ನಮ್ಮ ಮನೆ ಮುಂದೆ ನಿಲ್ಲದೆ ಹಾರನ್ ಹೊಡೆದು ಹೋದವು. ಚಹಾ ಅಂಗಡಿಯ ಮಡಕೆಗಳಂತೂ ಎಲ್ಲಿಗೂ ಹೋಗಲಿಲ್ಲ. ಅಲ್ಲಿ ಇಂಗು ಧಾರಾಳವಾಗಿ ಬೀಳುತ್ತಿತ್ತು, ಕುಡಿಯುವವರೂ ಹೆಚ್ಚುತ್ತಲೇ ಹೋದರು. ನಮ್ಮ ಮನೆಯಲ್ಲಿ ಮಾತ್ರ ಸಾರಿಗೂ ಇಂಗಿಲ್ಲ, ಉಪ್ಪಿನಕಾಯಿಗೂ ಇಂಗಿಲ್ಲ. ಎರಡನೆಯ ಬಾಣಂತನದಲ್ಲಿ ನಾನು ವಾಯುವಿನಿಂದ ಒದ್ದಾಡಿದಾಗಲೂ ಅತ್ತೆ ಓಮದ ನೀರು ಕಾಯಿಸಿ ಕೊಟ್ಟರೇ ವಿನಾ ಒಂದು ಚಿಟಿಕೆ ಇಂಗು ಮನೆಗೆ ತರಿಸಲಿಲ್ಲ.

ಕೆಲವು ತಿಂಗಳ ಮೇಲೆ ಗಂಡ ಬಿಡುಗಡೆಯಾಗಿ ಬಂದ. ಲಾರಿ ಯಾರೂ ಕೊಡಲಿಲ್ಲ, ತೋಟಕ್ಕೆ ನೀರು ಕಟ್ಟುವ ಕೆಲಸಕ್ಕೆ ನಿಂತ. ಮೊದಲ ಸಂಜೆ ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು.

"ಬಾ ಸಾಮಿ. ಊದು."

ನಾನು ಹೊಸ್ತಿಲಲ್ಲಿ ಕಲ್ಲಾದೆ. ಮಕ್ಕಳ ತಂದೆಯಾದ ಗಂಡಸು, ಜೈಲು ಕಂಡು ಬಂದವನು, ಎದುರಿಗೆ ಸಿಕ್ಕಿದ್ದನ್ನು ಎತ್ತಿ ಬಿಸಾಡುತ್ತಾನೆ ಅಂದುಕೊಂಡೆ. ಅವನು ಕೆಂಪಗಾದ, ಅತ್ತ ಇತ್ತ ನೋಡಿದ. ಆಮೇಲೆ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಾಯಿ ತೆರೆದು ಊದಿದ. ಅವರು ಕಣ್ಣು ಮುಚ್ಚಿ ಮೂಸಿದರು.

"ಸರಿ, ಉಣ್ಣು" ಅಂದರು.

ಹಾಗೆ ಪ್ರತಿ ಸಂಜೆ. ಮೊದಮೊದಲು ನೋಡಲು ನನಗೇ ಅವಮಾನವಾಗುತ್ತಿತ್ತು. ಆಮೇಲಾಮೇಲೆ ಅದು ಕಾಲು ತೊಳೆದು ಒಳಗೆ ಬರುವಷ್ಟೇ ಸಹಜವಾಯಿತು. ಕೆಲವು ದಿನ ಬೇಕೆಂದೇ ಹಸಿ ಈರುಳ್ಳಿ ತಿಂದು ಬಂದು ಊದುತ್ತಿದ್ದ. "ಥೂ, ಕಳ್ಳ!" ಎಂದು ಅವರು ಅವನ ತಲೆಗೆ ಮೊಟಕುತ್ತಿದ್ದರು. ಅವನು ಆ ವರ್ಷಗಳಲ್ಲಿ ಕುಡಿಯಲಿಲ್ಲ. ಹೆಂಡತಿ ನಾನು, ಮಗ್ಗುಲಲ್ಲಿ ಮಲಗುವವಳು, ನನಗೆ ಗೊತ್ತು. ಕೋಪ ಯಾವಾಗ ಕರಗಿತೋ ಹೇಳಲಾರೆ. ಒಂದು ಸಂಜೆ ಅತ್ತೆ "ಸರಿ, ಉಣ್ಣು" ಅಂದಾಗ ನನಗೂ ಎದೆ ಹಗುರಾಯಿತು, ಅಷ್ಟು ನೆನಪಿದೆ.

ಆ ದಶಕ ಮುಗಿಯುವ ಮೊದಲೇ ಅತ್ತೆ ಜ್ವರದಲ್ಲಿ ಹೋದರು. ಬೆಳಗ್ಗೆ ಪ್ರಾಣ ಹೋಯಿತು. ಅವರ ತಂಗಿ ಬೋಡಿನಾಯಕನೂರಿನಲ್ಲಿದ್ದರು, ಕರೆದುಕೊಂಡು ಬರಲು ಗಂಡನೇ ಬಸ್ಸು ಹತ್ತಿದ. ಸಂಜೆ ಹಿಂದಿರುಗಿದಾಗ ಹೆಣವನ್ನು ಅದೇ ಜಗಲಿಯ ಮೇಲೆ ಮಲಗಿಸಿದ್ದರು. ನಾನು ತಲೆಯ ಹತ್ತಿರ ಕೂತು ಬೀಸಣಿಗೆಯಲ್ಲಿ ನೊಣ ಓಡಿಸುತ್ತಿದ್ದೆ. ಹೆಂಗಸರು ದಾರಿ ಬಿಟ್ಟರು. ಅವನು ಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ, ಬಗ್ಗಿ, ಅವರ ಮುಖದ ಮೇಲೆ ಬಾಯಿ ತೆರೆದು ಊದಿದ.

ಸುತ್ತಲಿನ ಹೆಂಗಸರು ಹೋ ಎಂದು ಅತ್ತರು. ಅವರಿಗೂ ಆ ಸಂಜೆಗಳ ವಿಷಯ ಗೊತ್ತಿತ್ತು.

ನನ್ನ ಮೂಗಿಗೆ ಇಂಗಿನ ವಾಸನೆ ಬಂತು. ಇಂಗು, ಬೆಳ್ಳುಳ್ಳಿ, ಮೆಣಸು. ವರ್ಷಗಳಿಂದ ನಮ್ಮ ಮನೆಯಲ್ಲಿ ಇಂಗಿರಲಿಲ್ಲ. ತಾಯಿ ಸತ್ತ ದಿನ ತಡೆಯಲಾರದೆ ಕುಡಿದಿದ್ದಾನೆ, ಸರಿ, ಅದು ನನಗೆ ಅರ್ಥವಾಗುತ್ತದೆ. ಆದರೆ ದಾರಿಯ ಯಾವುದೋ ಅಂಗಡಿಯಲ್ಲಿ ನಿಂತು, ತಕ್ಕಾಳಿ ನೀರಲ್ಲಿ ಬೆರೆಸಿ, ತಾಯಿಗೆ ತಿಳಿಯದಿರಲಿ ಎಂದು ಮುಚ್ಚಿಕೊಂಡು ಬಂದಿದ್ದ. ಉಸಿರಿಲ್ಲದ ಆ ಮೂಗಿಗೂ ಅವನು ಹೆದರಿದ್ದ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಮರುಕ ಬಂತು.

ಅವನು ತಲೆಯೆತ್ತಿ ನನ್ನನ್ನು ನೋಡಿದ. ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ತಾಯಿಯ ಬದಲಿಗೆ ಯಾರಾದರೂ "ಸರಿ" ಅನ್ನಲಿ ಎಂದು ಕಾಯುತ್ತಿದ್ದ. ನಾನು ಆ ವಾಸನೆ ಅತ್ತೆಯ ಮುಖದ ಮೇಲಿಂದ ಹೋಗಲಿ ಎಂದು ಬೀಸಣಿಗೆಯನ್ನು ಜೋರಾಗಿ ಬೀಸತೊಡಗಿದೆ.