ನಾಲಿಗೆಯ ಕೆಳಗಿದ್ದ ಸತ್ಯ

ಹೋದ ವಾರ ನಾನೊಂದು ಸುಳ್ಳು ಹೇಳಿದೆ. ಒಂದೇ ಪದದ ಸುಳ್ಳು. ಅದೂ ಎಲ್ಲಿ? ಮಣಿಪಾಲದಲ್ಲಿ, ಆಸ್ಪತ್ರೆಯ ಐಸಿಯುವಿನೊಳಗೆ. (ವಾರವಾರ ಈ ಅಂಕಣದಲ್ಲಿ ನಿಮಗೆ ಪ್ರಾಮಾಣಿಕತೆಯ ಪಾಠ ಹೇಳುವವಳು ನಾನೇ.)

ಮಲಗಿದ್ದವರು ನನ್ನ ದೊಡ್ಡಮ್ಮ. ಕಾರ್ಕಳದಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದವರು, ನನ್ನನ್ನು ಸಾಕಿ ಓದಿಸಿದವರು. ಮೂತ್ರದ ಸೋಂಕು ರಕ್ತಕ್ಕೇರಿತ್ತು. ಬಾಯಲ್ಲಿ ವೆಂಟಿಲೇಟರಿನ ಪೈಪು, ಮಾತಿಲ್ಲ. ಆದರೆ ಎಚ್ಚರವಿತ್ತು, ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಒಬ್ಬ ಎಳೆಯ ಡಾಕ್ಟರು ಟಾರ್ಚಿನಂಥ ಕ್ಯಾಮೆರಾ ಹಿಡಿದು ಬಂದರು. ಅದನ್ನು ನಾಲಿಗೆಯ ಕೆಳಗಿಟ್ಟರೆ ಕೂದಲಿಗಿಂತ ತೆಳುವಾದ ರಕ್ತನಾಳಗಳು ಲ್ಯಾಪ್‌ಟಾಪಿನಲ್ಲಿ ಕಾಣುತ್ತವಂತೆ. ಯಾವುದರಲ್ಲಿ ರಕ್ತ ಓಡುತ್ತಿದೆ, ಯಾವುದರಲ್ಲಿ ನಿಂತಿದೆ ಎಂದು ಕಂಪ್ಯೂಟರೇ ಗುರುತಿಸುತ್ತದಂತೆ. ಬಿಪಿ ಸರಿಯಿದೆಯಲ್ಲ, ಮತ್ತೆ ಇದೆಲ್ಲ ಯಾಕೆ ಎಂದು ಕೇಳಿದೆ.

"ಟ್ಯಾಂಕಿಯಲ್ಲಿ ನೀರುಂಟು ಮೇಡಂ. ನಳ್ಳಿಗೆ ಬರ್ತದಾ ಅಂತ ನೋಡಬೇಕಲ್ವಾ?" ಎಂದರು.

ಆಮೇಲೆ ಫಾರಂ ತುಂಬಲು ಪ್ರಶ್ನೆಗಳು. ಹೊಗೆಸೊಪ್ಪಿನ ಅಭ್ಯಾಸ ಉಂಟಾ?

ಉಂಟು. ನಲವತ್ತು ವರ್ಷಗಳಿಂದ ಉಂಟು. ಊಟವಾದ ಮೇಲೆ ಬಾಗಿಲು ಹಾಕಿಕೊಂಡು, ಅಂಗೈಯಲ್ಲಿ ಸುಣ್ಣದ ಜೊತೆ ತಿಕ್ಕಿ, ನಾಲಿಗೆಯ ಕೆಳಗೆ ಬಲಬದಿಗೆ ಇಟ್ಟುಕೊಳ್ಳುತ್ತಾರೆ. ಮನೆಯವರಿಗೆ ಮಾತ್ರ ಗೊತ್ತು. ಆದರೆ ಈ ಡಾಕ್ಟರ ಅಮ್ಮ ದೊಡ್ಡಮ್ಮನ ಶಿಷ್ಯೆಯಂತೆ! ಆಗಷ್ಟೇ ಹಾಗೆಂದು ಹೇಳಿ, ಹಾಸಿಗೆಯತ್ತ ಬಗ್ಗಿ ಕೈಮುಗಿದಿದ್ದರು. ಅಂಥವರ ಎದುರು ಟೀಚರಮ್ಮನ ಮಾನ ಹೇಗೆ ಕಳೆಯುವುದು?

"ಇಲ್ಲ," ಎಂದೆ.

ಕ್ಯಾಮೆರಾವನ್ನು ಬಲಬದಿಗೇ ಇಟ್ಟರು. ಪೈಪು ಎಡಕ್ಕಿತ್ತಲ್ಲ. ಮೊದಲ ಚಿತ್ರ ಮಸುಕು, ಎರಡನೆಯದೂ ಮಸುಕು. ಮೂರನೆಯದರಲ್ಲಿ ಕಂಪ್ಯೂಟರ್ ಹುಡುಕಿದ ನಾಲ್ಕಾರು ನಾಳಗಳಲ್ಲಿ ರಕ್ತ ನಿಂತೇಬಿಟ್ಟಿದೆ ಎಂದು ಬಂತು. ಡಾಕ್ಟರ ಮುಖ ಸಣ್ಣದಾಯಿತು. ಇದು ನಿಜವಾದರೆ ಸೋಂಕು ಹೆಚ್ಚಾಗಿದೆ ಎಂದರ್ಥ, ಹಿರಿಯರಿಗೆ ಹೇಳಬೇಕು, ಚಿಕಿತ್ಸೆ ಬದಲಾಗಬಹುದು ಎಂದರು.

ಆಗಲಾದರೂ ನಾನು ಬಾಯಿ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಬಿಟ್ಟವಳು ಆಯಾ ಯಲ್ಲವ್ವ. ಬಾದಾಮಿ ಕಡೆಯವಳು, ಗಂಡನ ಗಾರೆ ಕೆಲಸದ ಹಿಂದೆ ಇಲ್ಲಿಗೆ ಬಂದವಳು. ದೊಡ್ಡಮ್ಮನ ಬಾಯಿ ಒರೆಸುವ ಕೆಲಸ ಅವಳದು.

"ಸಾಹೇಬ್ರ, ಅಮ್ಮಾರು ತಂಬಾಕ ಇಡತಿದ್ರು ಅನಸ್ತೈತ್ರಿ. ನಾಲಿಗಿ ಬುಡಕ ಆ ಮಗ್ಗಲ ಗಟ್ಟಿ ಆಗೇತಿ."

ನನಗೆ ಮೈಯೆಲ್ಲ ಉರಿಯಿತು.

"ನಿನಗೆಂತ ಗೊತ್ತು ನಮ್ಮ ಮನೆ ವಿಷಯ? ನಿನ್ನ ಕೆಲಸ ನೋಡು," ಎಂದೆ.

ಅವಳು ತಲೆ ತಗ್ಗಿಸಿ ಬಟ್ಟೆ ಹಿಂಡತೊಡಗಿದಳು. ಡಾಕ್ಟರು ನಂಬಿದ್ದು ನನ್ನನ್ನೇ. ನಂಬದೆ ಇರುತ್ತಾರೆಯೇ? ಇಸ್ತ್ರಿಯ ಸೀರೆ, ಪುಸ್ತಕದ ಕನ್ನಡ, ಪೇಪರಿನಲ್ಲಿ ಹೆಸರು. ಬಾಯೊಳಗೆ ಕೈಹಾಕಿ ನೋಡಿದವಳ ಮಾತಿಗಿಂತ ನಮ್ಮಂಥವರ ಸುಳ್ಳಿಗೆ ತೂಕ ಹೆಚ್ಚು. ಎಲ್ಲ ಕಡೆ ಹೀಗೆಯೇ ಅಲ್ಲವೇ?

ಡಾಕ್ಟರು ಫೋನಿನತ್ತ ಹೊರಟಾಗ ದೊಡ್ಡಮ್ಮ ಮಂಚದ ಕಂಬಿಗೆ ಬಳೆ ಬಡಿದರು. ಎಲ್ಲರೂ ತಿರುಗಿದೆವು. ಸೂಜಿ ಚುಚ್ಚಿದ್ದ ಎಡಗೈಯನ್ನು ಹೇಗೋ ಎತ್ತಿ, ಅಂಗೈಯ ಮೇಲೆ ಬಲಗೈ ಹೆಬ್ಬೆರಳನ್ನು ತಿಕ್ಕಿದರು. ಒಂದು ಸಲ, ಎರಡು ಸಲ. ಅರ್ಥವಾಗದವರು ಯಾರಿದ್ದಾರೆ? ಆಮೇಲೆ ಬೆರಳನ್ನು ಯಲ್ಲವ್ವನ ಕಡೆ ತೋರಿಸಿ, ತರಗತಿಯಲ್ಲಿ ಸರಿಯುತ್ತರ ಕೊಟ್ಟವರಿಗೆ ಮಾಡುತ್ತಿದ್ದಂತೆ ತಲೆಯಾಡಿಸಿದರು. ನನ್ನತ್ತ ನೋಡಲಿಲ್ಲ.

ಹೊಗೆಸೊಪ್ಪಿಟ್ಟು ಗಟ್ಟಿಯಾದ ಕಡೆಯ ಚಿತ್ರವನ್ನು ನಂಬುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನರ್ಸು ಪೈಪನ್ನು ಬಲಕ್ಕೆ ಸರಿಸಿದರು. ಎಡಬದಿಯ ಚಿತ್ರ ಸ್ಪಷ್ಟವಾಗಿ ಬಂತು. ಸಣ್ಣ ಸಣ್ಣ ನಾಳಗಳಲ್ಲಿ ರಕ್ತ ಸರಾಗವಾಗಿ ಓಡುತ್ತಿತ್ತು. ಡಾಕ್ಟರು ಫಾರಂ ತೆಗೆದು "ಇಲ್ಲ" ಎಂಬುದನ್ನು ಹೊಡೆದುಹಾಕಿದರು, ಅಷ್ಟೇ. ಆ ಗೆರೆ ಎಳೆದ ಸದ್ದಿಗೆ ನನಗೆ ನಾಚಿಕೆಯಿಂದ ಭೂಮಿಗಿಳಿದುಹೋಗುವಂತಾಯಿತು.

ಕಡಿಯಾಳಿಯ ನನ್ನ ಮನೆಗೆ ಹೊರಡುವ ಮೊದಲು ಯಲ್ಲವ್ವನನ್ನು ಹುಡುಕಿದೆ. ಕ್ಷಮೆ ಕೇಳಲೇಬೇಕು ಎಂದುಕೊಂಡೇ ಹೋದೆ. ಕಾರಿಡಾರಿನ ತುದಿಯಲ್ಲಿ ಬಕೆಟ್ ತೊಳೆಯುತ್ತಿದ್ದವಳು ನನ್ನನ್ನು ಕಂಡು ಗಡಬಡಿಸಿ ಎದ್ದಳು.

"ನಡುವ ಬಾಯಿ ಹಾಕಿದ್ದು ತಪ್ಪಾತ್ರಿ ಅಕ್ಕಾರ," ಎಂದಳು.

ನಾನು ಏನೆಂದೆ ಗೊತ್ತೇ? "ಪರವಾಗಿಲ್ಲ" ಎಂದು ಅವಳನ್ನು ಕ್ಷಮಿಸಿ ಬಂದೆ.