ಹಾಲು ಕರೆಯುವ ಹೊತ್ತಿಗೆ ವಾಪಸ್ಸು

ತೂಬಗೆರೆಯ ಮುನಿಶಾಮಣ್ಣ ಕೆರೆಯಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿದವನಲ್ಲ. ಆದರೆ ಹವಳದ ದ್ವೀಪಗಳಿಗೆ ಹೋಗಿಬರುವ ವಿಷಯದಲ್ಲಿ ನಮ್ಮ ಹೋಬಳಿಗೆಲ್ಲ ಅವನ ಮಾತೇ ಕೊನೆಯದು.

ಈ ವಿದ್ಯೆ ಬಂದದ್ದು ಭಾವಮೈದುನನಿಂದ. ಯುದ್ಧಕಾಲದಲ್ಲಿ ಪಟಾಲಮ್ಮಿನ ಜೊತೆ ರಾಮೇಶ್ವರದ ಕಡೆ ಇದ್ದು ಬಂದ ಅವನು ಜಗಲಿಯ ಮೇಲೆ ಕೂತು ಹೇಳಿದ: "ಅಲ್ಲಿ ಸಮುದ್ರದಾಗೆ ಸಣ್ಣ ಸಣ್ಣ ದ್ವೀಪ ಅವೆ ಬಾವ. ದೋಣಿಯಿಂದ ಬಗ್ಗಿದ್ರೆ ನೀರೊಳಗೆ ಹವಳದ ತೋಟ! ಬೆಳಿಗ್ಗೆ ಹೋದ್ರೆ ಸಂಜೆಗೆ ವಾಪಸ್ಸು ಬಂದ್ಬಿಡಬಹುದು."

ಕೊನೆಯ ಮಾತು ಮುನಿಶಾಮಣ್ಣನ ನೆಮ್ಮದಿಯನ್ನು ಕೆಡಿಸಿತು. ಅವನ ಎಮ್ಮೆ ಕೆಂಪಿ ಅವನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಆದ್ದರಿಂದ ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಮುಗಿಯುವ ಊರುಗಳು ಮಾತ್ರ ಅವನ ಭೂಗೋಳದಲ್ಲಿದ್ದವು. ಈಗ ಸಮುದ್ರವೂ ಅದರೊಳಕ್ಕೆ ಬಂತು.

ಜಗಲಿಯ ಮೇಲೆ ಯೋಜನೆ ಸಿದ್ಧವಾಯಿತು. ಎರಡು ಬೆರಣಿ, ಎರಡು ದ್ವೀಪ. ಸುತ್ತ ಉದುರಿಸಿದ ಹಿಂಡಿಯೇ ಹವಳದ ದಿಬ್ಬ. ಮೊದಲ ದ್ವೀಪದಲ್ಲಿ ಮುದ್ದೆ, ಎರಡನೆಯದರಲ್ಲಿ ನಿದ್ದೆ.

ಪಕ್ಕದ ಮನೆಯಲ್ಲಿದ್ದ ಶಾಲಾ ಮೇಷ್ಟ್ರು ನಾನು. ಕೇಳಿದೆ: "ಅದೆಲ್ಲ ಸರಿ. ತೂಬಗೆರೆಯಿಂದ ಆ ದೋಣಿಯವರೆಗೆ?"

"ಅದೊಂದು ಆಗ್ಬಿಟ್ರೆ ಮುಗೀತಲ್ಲ ಮೇಷ್ಟ್ರೆ!"

ಅಷ್ಟರಲ್ಲಿ ಕೆಂಪಿ ಬಂದು ಹವಳದ ದಿಬ್ಬವನ್ನು ಪೂರ್ತಿ ನೆಕ್ಕಿತು.

ಒಮ್ಮೆ ಮುನಿಶಾಮಣ್ಣ ತನ್ನ ಕಂಬಳಿಯನ್ನು ನನಗೆ ಹೊದಿಸಿ ಹಾಲು ಕರೆಯಲು ಕೂರಿಸಿದ. ತಾನು ಹುಲ್ಲಿನ ಮೆದೆಯ ಹಿಂದೆ ನಿಂತು, "ಬಾರವ್ವ, ಕೊಡವ್ವ" ಎಂದು ದನಿ ಕೊಟ್ಟ. ಕೆಂಪಿ ನನ್ನನ್ನು ಮೂಸಿತು, ಆಲೋಚಿಸಿತು, ಒದೆಯಿತು. ತಂಬಿಗೆ ಬೀದಿಗೆ ಹೋಯಿತು. ನಾನು ಮೆದೆಯವರೆಗೆ ಮಾತ್ರ.

"ಹಾಲು ಬತ್ತಿದಾಗ ಹೋಗಪ್ಪ," ಎಂದೆ, ಸೊಂಟ ಹಿಡಿದುಕೊಂಡು.

"ಗಬ್ಬದೋಳನ್ನ ಬಿಟ್ಟು ಹೋಗೋಕಾಯ್ತದಾ? ನೀವೂ ಹೆಂಡ್ರು ಮಕ್ಳೊಂದಿಗ್ರು!"

ಕೊನೆಗೆ ಊರವರು ರಾಮೇಶ್ವರಕ್ಕೆ ಹೊರಟಾಗ ಹೆಂಡತಿ ಸಾಕಮ್ಮ, "ನಾನೇ ನೋಡ್ಕೊಂಡು ಬತ್ತೀನಿ, ಈ ಬೆರಣಿ ಎತ್ತು ಅತ್ಲಾಗೆ," ಎಂದು ಗಂಟು ಕಟ್ಟಿದಳು. ಅವನು ಬೆರಣಿಯನ್ನು ಎತ್ತಲಿಲ್ಲ. ದೋಣಿಯ ದಿನವೆಂದು ತಾನೇ ನಿಶ್ಚಯಿಸಿದ ದಿನ ಅದರ ಮುಂದೆ ಕೂತು, ಹಣೆಗೆ ಕೈ ಅಡ್ಡ ಹಿಡಿದು, "ಚಪ್ಪಲಿ ಬಿಡಬ್ಯಾಡ ಕಣೇ, ಹವಳ ಕಾಲು ಕುಯ್ತದೆ," ಎಂದು ಕೂಗಿದ. ಬಿಸಿಲು ಇಳಿದಾಗ, "ವಾಪಸ್ಸಾಯ್ತು," ಎಂದು ನಿಟ್ಟುಸಿರು ಬಿಟ್ಟು ಹಾಲು ಕರೆಯಲು ಎದ್ದ.

ಸಾಕಮ್ಮ ನಿಜವಾಗಿಯೂ ಹೋಗಿ ನೋಡಿಬಂದಳು. ಜಗಲಿ ತುಂಬ ಜನ.

"ಹವಳ ಕೆಂಪಗಿಲ್ಲ. ನೀರಾಗೆ ಹುತ್ತ ಬೆಳ್ದಂಗೈತೆ."

"ನೀನು ಎಡಗಡೆ ನೋಡಿರಾಕಿಲ್ಲ. ಕೆಂಪಂದು ಎಡಗಡೆ."

"ಎಡಗಡೆಗೇ ಬಗ್ಗಿ ವಾಂತಿ ಮಾಡ್ಕೊತಿದ್ದೆ! ಚೆನ್ನಾಗೇ ನೋಡಿವ್ನಿ!"

ಮುನಿಶಾಮಣ್ಣ ನನ್ನ ಕಡೆ ತಿರುಗಿ, "ಹೆಂಗಸ್ರನ್ನ ಕಳಿಸಿದ್ರೆ ಇಷ್ಟೇಯ," ಎಂದ. ಆದರೂ ಅವತ್ತು ಅವಳನ್ನು ಹುತ್ತದ ಬಣ್ಣ, ಮೀನಿನ ಗೆರೆ, ಮರಳಿನ ಬಿಸಿ ಎಂದು ದೀಪ ಹಚ್ಚುವವರೆಗೂ ಕೇಳುತ್ತಲೇ ಇದ್ದ. ಕೆಂಪಿ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಅದೊಂದೇ ದಿನ.

ನನಗೆ ಹೊಸಕೋಟೆಗೆ ವರ್ಗವಾಯಿತು. ಮುಂದೊಮ್ಮೆ ಹೋದಾಗ ಕೆಂಪಿ ಇರಲಿಲ್ಲ, ಅದರ ಮಗಳಿತ್ತು.

"ಇವಳನ್ನ ಸಣ್ಣದ್ರಿಂದ್ಲೇ ಪಳಗಿಸಿವ್ನಿ ಮೇಷ್ಟ್ರೆ. ಯಾರು ಕರೆದ್ರೂ ಹಾಲು ಕೊಡ್ತಾಳೆ."

"ಹಾಗಾದರೆ ಹೊರಡು ದ್ವೀಪಕ್ಕೆ!"

ಅವನು ನನ್ನನ್ನು ಕನಿಕರದಿಂದ ನೋಡಿದ. "ಹೆಂಗೆ ಹೋಗ್ಲಿ? ಯಾರು ಕರೆದ್ರೂ ಕೊಡ್ತಾಳಲ್ಲ, ಕಾಯೋರು ಬ್ಯಾಡ್ವಾ!"

ನಾನು ಅವನನ್ನು ಕಂಡದ್ದು ಅದೇ ಕೊನೆ. ಅವನು ತೀರಿಕೊಂಡದ್ದು ಒಂದು ಮುಂಜಾನೆ, ಹಾಲು ಕರೆದಿಟ್ಟ ಮೇಲೆ. ಸಂಜೆ ಆ ಎಮ್ಮೆ, ಯಾರು ಕರೆದರೂ ಕೊಡುವ ಆ ಎಮ್ಮೆ, ಯಾರನ್ನೂ ಹತ್ತಿರ ಸೇರಿಸಲಿಲ್ಲವಂತೆ. "ತಾಯಿ ಬುದ್ಧಿ ಎಲ್ಲೋಗ್ತದೆ," ಎಂದು ಬೈದುಕೊಂಡೇ ಸಾಕಮ್ಮ ಅವನ ಕಂಬಳಿ ಹೊದ್ದು ಕೂತಳು. ಆಮೇಲೆ ಕೊಟ್ಟಿತಂತೆ.